ವಿಷ ದಾರಿಯಲ್ಲಿ ವೇಷ ಬದಲಿಸುತ್ತದೆ

(ಗಾಳಿ, ನೀರು, ಮಣ್ಣಿನಲ್ಲಿ ಸೇರುವ ಮಾಲಿನ್ಯಕಾರಕಗಳ ರಸಾಯನಶಾಸ್ತ್ರ ಕುರಿತು ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಪ್ರಯೋಗಾಲಯ ವರದಿಗಳು ನಿಮ್ಮ ಕೈಗೆ ಬಂದಿವೆ ಅಂದುಕೊಳ್ಳಿ. ಮೊದಲನೆಯದು ಕುಡಿಯುವ ನೀರಿನದು. ಲೀಟರಿಗೆ 100 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎನ್ನುತ್ತದೆ. ಎರಡನೆಯದು ಸಮುದ್ರದ ಸೀಗಡಿಯದು. ಕಿಲೋಗೆ 5,000 ಮೈಕ್ರೋಗ್ರಾಂ ಆರ್ಸೆನಿಕ್ ಇದೆ ಎನ್ನುತ್ತದೆ. ಯಾವುದಕ್ಕೆ ಹೆದರಬೇಕು?

ಸಂಖ್ಯೆ ನೋಡಿದರೆ ಸೀಗಡಿಗೆ. ಆದರೆ ನಿಜವಾಗಿ ಹೆದರಬೇಕಾದದ್ದು ನೀರಿಗೆ. ಸೀಗಡಿಯಲ್ಲಿರುವ ಆರ್ಸೆನಿಕ್‌ನ ಬಹುಪಾಲು ಆರ್ಸೆನೋಬೀಟೈನ್ ಎಂಬ ಸಾವಯವ, ಅಂದರೆ ಇಂಗಾಲದ ಜೊತೆ ಬೆಸೆದ, ರೂಪದಲ್ಲಿರುತ್ತದೆ. ನಮ್ಮ ದೇಹ ಅದನ್ನು ಮುಟ್ಟುವುದೇ ಇಲ್ಲ. ಕೆಲವು ದಿನಗಳಲ್ಲಿ ಅದು ಇದ್ದ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ನೀರಿನಲ್ಲಿರುವುದು ನಿರವಯವ ಆರ್ಸೆನಿಕ್. ಅದನ್ನು ವರ್ಷಗಟ್ಟಲೆ ಕುಡಿದರೆ ಅಂಗೈ, ಅಂಗಾಲಿನ ಚರ್ಮ ಗಡುಸಾಗುತ್ತದೆ, ಮೈಮೇಲೆ ಕಲೆಗಳು ಏಳುತ್ತವೆ, ಮುಂದೆ ಕ್ಯಾನ್ಸರ್ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಮ್ಮ ಮೊದಲ ವರದಿ ಅದರ ಹತ್ತು ಪಟ್ಟು.

ಎರಡೂ ವರದಿಗಳಲ್ಲಿ ಇರುವುದು ಅದೇ ಮೂಲವಸ್ತು. ಅದರ ಅಣುರೂಪ ಮಾತ್ರ ಬೇರೆ. ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ಮಾಲಿನ್ಯದ ಬಗ್ಗೆ ಮಾತಾಡುವಾಗ ನಾವು ‘ಏನಿದೆ’, ‘ಎಷ್ಟಿದೆ’ ಎಂದು ಕೇಳಿ ನಿಲ್ಲಿಸುತ್ತೇವೆ. ‘ಯಾವ ರೂಪದಲ್ಲಿದೆ’, ‘ಮುಂದೆ ಏನಾಗುತ್ತದೆ’ ಎಂದು ಕೇಳುವುದು ಕಡಿಮೆ. ಅಪಾಯ ತೀರ್ಮಾನವಾಗುವುದು ಬಹಳ ಸಲ ಈ ಎರಡು ಪ್ರಶ್ನೆಗಳಲ್ಲಿ.

ಕ್ರೋಮಿಯಂ ತೆಗೆದುಕೊಳ್ಳಿ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕ್ರೋಮಿಯಂ ಜೀವಕೋಶದೊಳಗೆ ಸುಲಭವಾಗಿ ನುಗ್ಗಲಾರದು. ಆರು ಕಳೆದುಕೊಂಡದ್ದು ಆಮ್ಲಜನಕದ ಜೊತೆ ಸೇರಿ ಕ್ರೋಮೇಟ್ ಆಗುತ್ತದೆ. ಕ್ರೋಮೇಟ್‌ನ ಆಕಾರ, ಅದರ ವಿದ್ಯುದಾವೇಶ ಎರಡೂ ಸಲ್ಫೇಟ್‌ನ ಹಾಗೇ. ಸಲ್ಫೇಟ್ ಜೀವಕೋಶಕ್ಕೆ ಬೇಕಾದ ವಸ್ತು. ಅದನ್ನು ಒಳಗೆ ಬಿಟ್ಟುಕೊಳ್ಳಲು ಕೋಶದ ಪೊರೆಯಲ್ಲಿ ದಾರಿಗಳಿವೆ. ಆ ದಾರಿಯಲ್ಲೇ ಕ್ರೋಮೇಟ್ ಒಳಗೆ ಬರುತ್ತದೆ. ಒಳಗೆ ಬಂದಮೇಲೆ ಹಂತಹಂತವಾಗಿ ಎಲೆಕ್ಟ್ರಾನ್ ಪಡೆದು ಮತ್ತೆ ಮೂರರ ರೂಪಕ್ಕೆ ಇಳಿಯುತ್ತದೆ. ಆ ಇಳಿಯುವ ಹೊತ್ತಿನಲ್ಲಿ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಅಂದರೆ ಹಾನಿ ಆಗುವುದೇ ರೂಪ ಬದಲಾಗುವ ಹೊತ್ತಿನಲ್ಲಿ.

ಈ ಕಥೆಯನ್ನು ಬಿಡಿಸಿಟ್ಟವರಲ್ಲಿ ಮುಖ್ಯರು ಅಮೆರಿಕದ ರಸಾಯನಶಾಸ್ತ್ರಜ್ಞೆ ಕರೆನ್ ವೆಟರ್‌ಹಾನ್. 1996ರ ಆಗಸ್ಟ್‌ನಲ್ಲಿ ಅವರು ಬೇರೊಂದು ಕೆಲಸಕ್ಕಾಗಿ ಡೈಮೀಥೈಲ್ ಪಾದರಸ ಬಳಸುತ್ತಿದ್ದರು. ಕೆಲವೇ ಹನಿಗಳು ಕೈಗವಸಿನ ಮೇಲೆ ಬಿದ್ದವು. ಅವರು ಆ ಕಾಲದಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮಗಳನ್ನೇ ಪಾಲಿಸಿದ್ದರು. ಆದರೆ ಆ ದ್ರವ ಲೇಟೆಕ್ಸ್ ಕೈಗವಸನ್ನು ಕ್ಷಣಗಳಲ್ಲಿ ದಾಟುತ್ತದೆ ಎಂದು ಆಗ ಗೊತ್ತಿರಲಿಲ್ಲ. ತಿಂಗಳುಗಳ ಕಾಲ ಏನೂ ಕಾಣಿಸಲಿಲ್ಲ. ಆಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್‌ನಲ್ಲಿ ತೀರಿಕೊಂಡರು. ಅವರ ಸಾವಿನ ನಂತರ ಜಗತ್ತಿನ ಪ್ರಯೋಗಾಲಯಗಳಲ್ಲಿ ಕೈಗವಸಿನ ನಿಯಮಗಳೇ ಬದಲಾದವು. ಒಂದು ಮಾತು ಗಮನಿಸಿ. ಹಳೆಯ ಥರ್ಮಾಮೀಟರ್‌ನ ಪಾದರಸವನ್ನು ಯಾರಾದರೂ ಆಕಸ್ಮಿಕವಾಗಿ ನುಂಗಿದರೆ, ಕರುಳು ಅದನ್ನು ಹೀರಿಕೊಳ್ಳುವುದು ತೀರಾ ಕಡಿಮೆ. ಅದೇ ಪಾದರಸ ಆವಿಯಾಗಿ ಉಸಿರಿನ ಜೊತೆ ಹೋದರೆ ಅಪಾಯ. ಇಂಗಾಲದ ಗುಂಪುಗಳ ಜೊತೆ ಬೆಸೆದುಕೊಂಡರೆ ಕೆಲವು ಹನಿಯೇ ಸಾಕು.

ಪಾದರಸದ ಮಾತು ಬಂದಮೇಲೆ ಮಿನಮಾಟಾ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಜಪಾನಿನ ದಕ್ಷಿಣದಲ್ಲಿರುವ ಕರಾವಳಿ ಊರು ಅದು. ಚಿಸ್ಸೋ ಎಂಬ ಕಂಪನಿಯ ಕಾರ್ಖಾನೆ ಅಲ್ಲಿ ಅಸಿಟಾಲ್ಡಿಹೈಡ್ ತಯಾರಿಸುತ್ತಿತ್ತು. ಆ ಕ್ರಿಯೆಯನ್ನು ಚುರುಕುಗೊಳಿಸಲು ಪಾದರಸದ ಸಲ್ಫೇಟ್ ಬಳಸುತ್ತಿತ್ತು. ತ್ಯಾಜ್ಯದ ನೀರು ಕೊಲ್ಲಿಗೆ ಹೋಗುತ್ತಿತ್ತು. ಮೊದಲು ಬೆಕ್ಕುಗಳು ವಿಚಿತ್ರವಾಗಿ ಕುಣಿದು ಸತ್ತವು. ಆಮೇಲೆ ಮೀನುಗಾರರ ಮನೆಗಳಲ್ಲಿ ಕೈಕಾಲು ನಡುಗುವ, ದೃಷ್ಟಿ ಕುಗ್ಗುವ, ಮಾತು ಹೋಗುವ ಕಾಯಿಲೆ. 1956ರಲ್ಲಿ ಅದು ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣ ಎಂದು ಹೇಳಿದರು.

ಆಗ ಕಂಪನಿ ಕೊಟ್ಟ ಉತ್ತರ ರಸಾಯನಶಾಸ್ತ್ರದ್ದೇ ಆಗಿತ್ತು. ನಾವು ಬಳಸುವುದು ನಿರವಯವ ಪಾದರಸ, ಸಾವಯವ ಪಾದರಸ ನಮ್ಮಿಂದ ಹೇಗೆ ಬರುತ್ತದೆ ಎಂದಿತು. ಕೇಳಲು ಸರಿಯಾಗಿಯೇ ಇತ್ತು. ಆದರೆ ಕಾರ್ಖಾನೆಯ ಪಾತ್ರೆಯೊಳಗೇ, ಮುಖ್ಯ ಕ್ರಿಯೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಕ್ರಿಯೆ ನಡೆಯುತ್ತಿತ್ತು. ಪಾದರಸದ ಒಂದು ಪಾಲು ಅಲ್ಲೇ ಮೀಥೈಲ್ ಪಾದರಸವಾಗುತ್ತಿತ್ತು. ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹಾಜಿಮೆ ಹೊಸೊಕಾವಾ ಆ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ನೋಡಿದ್ದರು. ಬೆಕ್ಕಿಗೆ ಅದೇ ಕಾಯಿಲೆ ಬಂತು. ಆ ಫಲಿತಾಂಶ ಹೊರಗೆ ಬರಲಿಲ್ಲ. ಆ ವಿಧಾನದ ಉತ್ಪಾದನೆ ನಿಂತದ್ದು 1968ರಲ್ಲಿ. ಅಷ್ಟು ವರ್ಷ ಜನ ಅದೇ ಕೊಲ್ಲಿಯ ಮೀನು ತಿಂದರು. ‘ಒಳಗೆ ಏನು ಹಾಕುತ್ತೇವೆ’ ಎಂಬುದನ್ನು ಮಾತ್ರ ತೋರಿಸಿ ‘ಹೊರಗೆ ಏನು ಬರುತ್ತಿದೆ’ ಎಂಬುದನ್ನು ಮುಚ್ಚಿಟ್ಟದ್ದರ ಬೆಲೆ ಅದು. ಇದನ್ನು ಓದುವಾಗೆಲ್ಲ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೀಥೈಲ್ ಪಾದರಸ ಅಷ್ಟು ಕ್ರೂರವಾಗಲು ಕಾರಣವಿದೆ. ದೇಹದಲ್ಲಿ ಅದು ಸಿಸ್ಟೈನ್ ಎಂಬ ಅಮೈನೋ ಆಮ್ಲದ ಗಂಧಕಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ ಜೋಡಿ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಹಾಗೆ ಕಾಣುತ್ತದೆ. ಮೆಥಿಯೋನಿನ್ ಮಿದುಳಿಗೆ ಬೇಕು, ಗರ್ಭದಲ್ಲಿರುವ ಮಗುವಿಗೂ ಬೇಕು. ಹಾಗಾಗಿ ಅದನ್ನು ಸಾಗಿಸುವ ದಾರಿಗಳು ಸದಾ ತೆರೆದಿರುತ್ತವೆ. ಮಿನಮಾಟಾದಲ್ಲಿ ತಾಯಿಗೆ ಹೆಚ್ಚೇನೂ ತೊಂದರೆ ಕಾಣದಿದ್ದರೂ ಹುಟ್ಟಿದ ಮಗು ತೀವ್ರವಾಗಿ ಬಾಧೆಪಟ್ಟ ಉದಾಹರಣೆಗಳಿವೆ. ಕ್ರೋಮೇಟ್ ಮಾಡಿದ್ದೂ ಇದನ್ನೇ ಅಲ್ವಾ? ಬೇಕಾದವರ ವೇಷದಲ್ಲಿ ಬೇಡದವರು ಒಳಗೆ ಬಂದರು.

ಕಾರ್ಖಾನೆ ಇಲ್ಲದ ಕಡೆಯೂ ಮೀಥೈಲ್ ಪಾದರಸ ಹುಟ್ಟುತ್ತದೆ. ಕಲ್ಲಿದ್ದಲು ಉರಿಸಿದಾಗ ಅದರಲ್ಲಿದ್ದ ಅಲ್ಪಸ್ವಲ್ಪ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ. ಆವಿ ರೂಪದ ಪಾದರಸ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಮಳೆ ಅದನ್ನು ತೊಳೆಯಲಾರದು. ತಿಂಗಳುಗಟ್ಟಲೆ ಗಾಳಿಯಲ್ಲೇ ಸುತ್ತುತ್ತದೆ, ಖಂಡಗಳನ್ನು ದಾಟುತ್ತದೆ. ಎಲ್ಲೋ ಒಂದು ಕಡೆ ಎಲೆಕ್ಟ್ರಾನ್ ಕಳೆದುಕೊಂಡಾಗ, ಅಂದರೆ ಆಕ್ಸಿಡೀಕರಣವಾದಾಗ ಮಾತ್ರ ನೀರಿನಲ್ಲಿ ಕರಗುವ ರೂಪಕ್ಕೆ ಬಂದು ಮಳೆಯೊಂದಿಗೆ ಇಳಿಯುತ್ತದೆ. ಕೆರೆಯ ತಳದ ಕೆಸರಿನಲ್ಲಿ, ಆಮ್ಲಜನಕ ಇಲ್ಲದ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದಕ್ಕೆ ಬೇಕಾದ ಎರಡು ಜೀನ್‌ಗಳು ಪತ್ತೆಯಾದದ್ದು 2013ರಲ್ಲಿ. ಅಲ್ಲಿಂದ ಪಾಚಿ, ಸಣ್ಣ ಮೀನು, ದೊಡ್ಡ ಮೀನು. ಪ್ರತಿ ಮೆಟ್ಟಿಲಿನಲ್ಲೂ ಸಾಂದ್ರತೆ ಏರುತ್ತದೆ. ನೀರಿನಲ್ಲಿ ಇರುವುದಕ್ಕಿಂತ ದೊಡ್ಡ ಮೀನಿನ ಮಾಂಸದಲ್ಲಿ ಲಕ್ಷಾಂತರ ಪಟ್ಟು ಜಾಸ್ತಿ ಇರಬಹುದು. ಇಷ್ಟು ದೂರದ ಪ್ರಯಾಣದಲ್ಲಿ ಗಾಳಿ, ನೀರು, ಮಣ್ಣು ಎಂಬ ಗಡಿಗಳು ಎಲ್ಲಿವೆ ಹೇಳಿ? ಇಲಾಖೆಗಳಿಗೆ ಆ ಗಡಿ ಇದೆ. ಅಣುವಿಗೆ ಇಲ್ಲ.

ಈಗ ಗಾಳಿಗೆ ಬರೋಣ. ಗಾಳಿಯಲ್ಲಿ ಬಿಟ್ಟದ್ದು ಅಲ್ಲಿ ಸುಮ್ನೆ ತೇಲುತ್ತಿರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹಗಲಿನ ಗಾಳಿ ಒಂದು ದೊಡ್ಡ ಕ್ರಿಯಾಪಾತ್ರೆ. ಅಲ್ಲಿ ಕೆಲಸ ನಡೆಸುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಪುಟ್ಟ ತುಣುಕು. ಒಂದು ಆಮ್ಲಜನಕ, ಒಂದು ಹೈಡ್ರೋಜನ್, ಅಷ್ಟೇ. ಅದರ ಆಯುಷ್ಯ ಸುಮಾರು ಒಂದು ಸೆಕೆಂಡ್. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಇರುವ ಅಣುಗಳನ್ನು ಬರೆಯಬೇಕಾದರೆ 25ರ ಮುಂದೆ 18 ಸೊನ್ನೆ ಹಾಕಬೇಕು. ಅಷ್ಟರಲ್ಲಿ ಹೈಡ್ರಾಕ್ಸಿಲ್ ಇರುವುದು ಹತ್ತು ಲಕ್ಷದ ಆಸುಪಾಸು. ಇಷ್ಟು ಕಡಿಮೆ ಇದ್ದರೂ ಗಾಳಿಗೆ ಸೇರುವ ಹೆಚ್ಚಿನ ಅನಿಲಗಳನ್ನು ಒಡೆಯುವುದು ಇದೇ. ಕಾರ್ಬನ್ ಮೊನಾಕ್ಸೈಡ್‌ಗೆ ಇದರ ಕೈಯಿಂದ ತಪ್ಪಿಸಿಕೊಳ್ಳಲು ಸಿಗುವ ಕಾಲ ಸುಮಾರು ಎರಡು ತಿಂಗಳು. ಮೀಥೇನ್‌ಗೆ ಹತ್ತು ವರ್ಷದ ಹತ್ತಿರ. ಸಿಎಫ್‌ಸಿ ಅನಿಲಗಳಿಗೆ, ಅಂದರೆ ಹಿಂದೆ ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಅನಿಲಗಳಿಗೆ, ಇದು ಏನೂ ಮಾಡಲಾರದು. ಆ ಕಾರಣಕ್ಕೇ ಅವು ಮೇಲಿನ ಸ್ತರಕ್ಕೆ ಏರಿ, ಅಲ್ಲಿನ ತೀಕ್ಷ್ಣ ಬೆಳಕಿನಲ್ಲಿ ಒಡೆದು, ಓಝೋನ್ ತಿಂದವು. ಮಾರಿಯೋ ಮೊಲಿನಾ, ಶೆರ್‌ವುಡ್ ರೋಲೆಂಡ್ ಇದನ್ನು 1974ರಲ್ಲೇ ಲೆಕ್ಕ ಹಾಕಿ ಹೇಳಿದರು. ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರದ ವರದಿ ಬಂದದ್ದು 1985ರಲ್ಲಿ. ಯಾವುದರ ಜೊತೆಗೂ ಕ್ರಿಯೆ ನಡೆಸದ ವಸ್ತು ಸುರಕ್ಷಿತ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಮೇಲಿನ ಓಝೋನ್ ನಮ್ಮನ್ನು ಕಾಯುತ್ತದೆ. ನೆಲದ ಹತ್ತಿರದ ಓಝೋನ್ ನಮ್ಮ ಶ್ವಾಸಕೋಶವನ್ನು ಸುಡುತ್ತದೆ. ಈ ಕೆಳಗಿನ ಓಝೋನ್ ಯಾವ ಕೊಳವೆಯಿಂದಲೂ ನೇರವಾಗಿ ಹೊರಬರುವುದಿಲ್ಲ. 1950ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಕಂದು ಮಬ್ಬನ್ನು ಅಧ್ಯಯನ ಮಾಡಿದ ಆರಿ ಹಾಗನ್-ಸ್ಮಿತ್ ಇದನ್ನು ಕಂಡುಹಿಡಿದರು. ವಾಹನದ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳಿವೆ, ಉರಿಯದೆ ಉಳಿದ ಇಂಧನದ ಆವಿ ಇದೆ. ಬಿಸಿಲು ನೈಟ್ರೋಜನ್ ಡೈಆಕ್ಸೈಡನ್ನು ಒಡೆದು ಒಂದು ಆಮ್ಲಜನಕದ ಪರಮಾಣುವನ್ನು ಬಿಡಿಸುತ್ತದೆ. ಅದು ಪಕ್ಕದ ಆಮ್ಲಜನಕದ ಅಣುವಿಗೆ ಸೇರಿದರೆ ಓಝೋನ್. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನು ಮತ್ತೆ ತಿಂದುಹಾಕಬೇಕಿತ್ತು. ಆದರೆ ಇಂಧನದ ಆವಿಯಿಂದ ಹುಟ್ಟಿದ ತುಣುಕುಗಳು ಮಧ್ಯೆ ಬಂದು ನೈಟ್ರಿಕ್ ಆಕ್ಸೈಡನ್ನು ಬೇರೆ ಕೆಲಸಕ್ಕೆ ಎಳೆಯುತ್ತವೆ. ಓಝೋನ್ ಉಳಿದುಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ರಾಶಿ ಬೀಳುತ್ತದೆ.

ಇದು ಗೊತ್ತಿಲ್ಲದಿದ್ದರೆ 2020ರಲ್ಲಿ ನಡೆದದ್ದು ಅರ್ಥವಾಗುವುದಿಲ್ಲ. ಲಾಕ್‌ಡೌನ್‌ನಿಂದ ವಾಹನಗಳು ನಿಂತವು. ನೈಟ್ರೋಜನ್ ಡೈಆಕ್ಸೈಡ್ ಇಳಿಯಿತು, ಆಕಾಶ ತಿಳಿಯಾಯಿತು. ಆದರೆ ಅನೇಕ ನಗರಗಳಲ್ಲಿ ಓಝೋನ್ ಏರಿತು. ಓಝೋನ್ ತಿನ್ನುತ್ತಿದ್ದ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿತ್ತು ಎಂಬುದು ಇದಕ್ಕೆ ಮುಖ್ಯ ಕಾರಣ. ಹಾಗಂತ ಹೊಗೆ ಒಳ್ಳೆಯದು ಅಂತಲ್ಲ. ನೈಟ್ರೋಜನ್ ಆಕ್ಸೈಡ್, ಇಂಧನದ ಆವಿ ಎರಡೂ ಸೇರಿ ಮಾಡಿದ ಕೆಡುಕನ್ನು ಒಂದನ್ನೇ ಹಿಡಿದು ಸರಿಪಡಿಸಲಾಗದು. ಎರಡನ್ನೂ ಸರಿಯಾದ ಅನುಪಾತದಲ್ಲಿ ಇಳಿಸಬೇಕು. ಆ ಅನುಪಾತ ಪ್ರತಿ ನಗರಕ್ಕೂ ಬೇರೆ. ಅದನ್ನು ಅಳೆದೇ ತಿಳಿಯಬೇಕು.

ಆಮ್ಲ ಮಳೆಯ ಬಗ್ಗೆ ಒಂದೆರಡು ಮಾತು. ಮಾಲಿನ್ಯವಿಲ್ಲದ ಮಳೆಯೂ ಸ್ವಲ್ಪ ಆಮ್ಲೀಯವೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದರ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ, 7 ಅಂದರೆ ತಟಸ್ಥ) 5.6ರ ಹತ್ತಿರ ಇರುತ್ತದೆ. ಗಂಧಕ, ನೈಟ್ರೋಜನ್ ಆಕ್ಸೈಡ್‌ಗಳು ಸೇರಿದರೆ ಇನ್ನೂ ಇಳಿಯುತ್ತದೆ. ಸ್ಕ್ಯಾಂಡಿನೇವಿಯಾದ ಕೆರೆಗಳಲ್ಲಿ ಮೀನು ಸತ್ತದ್ದು ಬರೀ ಆಮ್ಲದಿಂದಲ್ಲ. ಆಮ್ಲದ ನೀರು ಮಣ್ಣಿನ ಖನಿಜಗಳಲ್ಲಿ ಬಂಧಿಯಾಗಿದ್ದ ಅಲ್ಯೂಮಿನಿಯಂ ಅನ್ನು ಬಿಡಿಸಿ ಕೆರೆಗೆ ತಂದಿತು. ಅದು ಮೀನಿನ ಕಿವಿರುಗಳ ಮೇಲೆ ಕುಳಿತು ಉಸಿರು ಕಟ್ಟಿಸಿತು. ಚಿಮಣಿಯಿಂದ ಹೊರಬಂದದ್ದು ಗಂಧಕ, ಕೊಂದದ್ದು ಮಣ್ಣಿನ ಅಲ್ಯೂಮಿನಿಯಂ.

ಮಣ್ಣು ಹೀಗೆ ಬಿಟ್ಟುಕೊಡುವುದನ್ನು ಅತಿ ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಗಂಗಾ–ಬ್ರಹ್ಮಪುತ್ರ ಮುಖಜ ಭೂಮಿಗೆ ಹೋಗಬೇಕು. ಬಾಂಗ್ಲಾದೇಶದಲ್ಲಿ, ಪಶ್ಚಿಮ ಬಂಗಾಳದಲ್ಲಿ ಕೊಳದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು. ಹಾಗಾಗಿ ಕೈಪಂಪಿನ ಕೊಳವೆ ಬಾವಿಗಳನ್ನು ಕೊರೆದರು. ಉದ್ದೇಶ ಒಳ್ಳೆಯದೇ. ಆ ನೀರಿನಲ್ಲಿ ರೋಗಾಣುಗಳು ಕಡಿಮೆ ಇದ್ದವು. ಆರ್ಸೆನಿಕ್‌ಗಾಗಿ ಯಾರೂ ಪರೀಕ್ಷಿಸಲಿಲ್ಲ. ಪಶ್ಚಿಮ ಬಂಗಾಳದಲ್ಲಿ 1980ರ ದಶಕದಲ್ಲಿ, ಬಾಂಗ್ಲಾದೇಶದಲ್ಲಿ 1993ರಲ್ಲಿ ಅದು ಬೆಳಕಿಗೆ ಬಂತು. ಕೋಟ್ಯಂತರ ಜನ ಆ ನೀರು ಕುಡಿಯುತ್ತಿದ್ದರು.

ಅಲ್ಲಿ ಯಾವ ಕಾರ್ಖಾನೆಯೂ ಆರ್ಸೆನಿಕ್ ಸುರಿದಿರಲಿಲ್ಲ. ಹಿಮಾಲಯದ ಬಂಡೆಗಳು ಸವೆದು ಬಂದ ಮರಳಿನ ಕಣಗಳ ಮೇಲೆ ತುಕ್ಕಿನಂಥ ಕಬ್ಬಿಣದ ಲೇಪವಿದೆ. ಆ ಲೇಪ ಆರ್ಸೆನಿಕ್ ಅನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಿಡಿತ ಇರುವಷ್ಟು ಕಾಲ ಅಪಾಯವಿಲ್ಲ. ಆದರೆ ಮುಖಜ ಭೂಮಿಯ ಹೂಳಿನಲ್ಲಿ ಕೊಳೆತ ಸಸ್ಯದ ಅಂಶವೂ ಬೇಕಾದಷ್ಟಿದೆ. ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಾ ಮೊದಲು ಆಮ್ಲಜನಕವನ್ನು ಮುಗಿಸುತ್ತವೆ. ಆಮ್ಲಜನಕ ಮುಗಿದಮೇಲೆ ಅವು ಉಸಿರಾಟಕ್ಕೆ ಕಬ್ಬಿಣದ ಲೇಪವನ್ನೇ ಬಳಸುತ್ತವೆ. ಕಬ್ಬಿಣ ಎಲೆಕ್ಟ್ರಾನ್ ಪಡೆದು ನೀರಿನಲ್ಲಿ ಕರಗುತ್ತದೆ. ಅದು ಹಿಡಿದಿದ್ದ ಆರ್ಸೆನಿಕ್ ಕೂಡ ನೀರಿಗೆ ಬೀಳುತ್ತದೆ.

ಕಾರಣ ಗೊತ್ತಾದರೆ ಪರಿಹಾರದ ದಾರಿಯೂ ಕಾಣುತ್ತದೆ. ನೀರನ್ನು ಗಾಳಿಗೆ ಒಡ್ಡಿದರೆ ಕಬ್ಬಿಣ ಮತ್ತೆ ಕೆಂಪು ಗಸಿಯಾಗಿ ಕೂರುತ್ತದೆ, ಜೊತೆಗೆ ಆರ್ಸೆನಿಕ್ ಅನ್ನೂ ಎಳೆದುಕೊಳ್ಳುತ್ತದೆ. ಆದರೆ ಇಲ್ಲೂ ರೂಪದ ಪ್ರಶ್ನೆ ಬಿಡುವುದಿಲ್ಲ. ಆಮ್ಲಜನಕವಿಲ್ಲದ ಅಂತರ್ಜಲದಲ್ಲಿ ಹೆಚ್ಚಿನ ಆರ್ಸೆನಿಕ್ ಮೂರರ ಸ್ಥಿತಿಯಲ್ಲಿರುತ್ತದೆ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಆ ರೂಪಕ್ಕೆ ವಿದ್ಯುದಾವೇಶವಿಲ್ಲ. ಹಾಗಾಗಿ ಹೆಚ್ಚಿನ ಶೋಧಕಗಳು ಅದನ್ನು ಸರಿಯಾಗಿ ಹಿಡಿಯಲಾರವು. ಮೊದಲು ಅದನ್ನು ಐದರ ಸ್ಥಿತಿಗೆ ಆಕ್ಸಿಡೀಕರಿಸಬೇಕು, ಆಮೇಲೆ ಶೋಧಿಸಬೇಕು. ಈ ಒಂದು ಹಂತ ತಪ್ಪಿದರೆ ಯಂತ್ರ ಎಷ್ಟೇ ದುಬಾರಿಯಾದರೂ ವ್ಯರ್ಥ. ಇನ್ನೊಂದು ಮಾತು, ನೀರು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಸ್ವಲ್ಪ ಏರುತ್ತದೆ.

ಇಷ್ಟು ಹೊತ್ತು ನಾನು ಸಂಖ್ಯೆಗಳನ್ನು ಹೇಳುತ್ತಾ ಬಂದೆ. ಇಷ್ಟು ಸಣ್ಣ ಪ್ರಮಾಣಗಳನ್ನು ಅಳೆಯುವುದು ಹೇಗೆ, ಅಳೆದದ್ದನ್ನು ನಂಬುವುದು ಹೇಗೆ? ಇದಕ್ಕೆ ಅಮೆರಿಕದ ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್ ಬಗ್ಗೆ ಹೇಳಲೇಬೇಕು. ಅವರು ಭೂಮಿಯ ವಯಸ್ಸನ್ನು ತಿಳಿಯಲು ಉಲ್ಕಾಶಿಲೆಯಲ್ಲಿರುವ ಸೀಸವನ್ನು ಅಳೆಯಲು ಹೊರಟವರು. ಪ್ರತಿ ಸಲವೂ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಸೀಸ ಸಿಗುತ್ತಿತ್ತು. ಸೀಸ ಬರುತ್ತಿದ್ದದ್ದು ಕಲ್ಲಿನಿಂದಲ್ಲ. ಪ್ರಯೋಗಾಲಯದ ಧೂಳು, ಗಾಜು, ನೀರು, ಆಮ್ಲ, ಕೆಲಸ ಮಾಡುವವರ ಬಟ್ಟೆ, ಕೂದಲು ಎಲ್ಲದರಲ್ಲೂ ಸೀಸವಿತ್ತು. ಅವರು ಒಂದೊಂದನ್ನೇ ತೊಳೆದು, ಶುದ್ಧಗೊಳಿಸಿ, ಧೂಳು ಬಾರದ ಕೋಣೆಯನ್ನೇ ಕಟ್ಟಿದರು. ಭೂಮಿಗೆ 455 ಕೋಟಿ ವರ್ಷ ಎಂಬ ಉತ್ತರ 1956ರಲ್ಲಿ ಪ್ರಕಟವಾಯಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ಪ್ಯಾಟರ್ಸನ್ ಆ ಕೊಳೆ ಎಲ್ಲಿಂದ ಬಂತು ಎಂದು ಹುಡುಕಿದರು. ಸಮುದ್ರದ ಮೇಲ್ಪದರದಲ್ಲಿ ಆಳಕ್ಕಿಂತ ಹೆಚ್ಚು ಸೀಸವಿತ್ತು. ಗ್ರೀನ್‌ಲ್ಯಾಂಡಿನ ಹೊಸ ಹಿಮದಲ್ಲಿ ಹಳೆಯ ಹಿಮಕ್ಕಿಂತ ಹೆಚ್ಚು. ಮುಖ್ಯ ಮೂಲ ಪೆಟ್ರೋಲಿಗೆ ಬೆರೆಸುತ್ತಿದ್ದ ಟೆಟ್ರಾಈಥೈಲ್ ಸೀಸ. ಉದ್ಯಮದ ಪರ ವಿಜ್ಞಾನಿಗಳು ಜನರ ರಕ್ತದಲ್ಲಿರುವ ಸೀಸ ಸಹಜವಾದದ್ದು ಎಂದು ವಾದಿಸುತ್ತಿದ್ದರು. ಅವರು ಅಳೆದ ‘ಸಹಜ’ ಮಟ್ಟದಲ್ಲೇ ಕೊಳೆ ಸೇರಿತ್ತು ಎಂದು ಪ್ಯಾಟರ್ಸನ್ 1965ರಲ್ಲಿ ವಾದಿಸಿದರು. ಸೀಸದ ಪೆಟ್ರೋಲು ಮಾರಾಟ ಶುರುವಾದದ್ದು 1923ರಲ್ಲಿ. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಸುಮಾರು ನೂರು ವರ್ಷ! ಈ ವಿಷಯ ಓದುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಬ್ಲ್ಯಾಂಕ್ ಬಗ್ಗೆ. ಅಂದರೆ ಮಾದರಿ ಹಾಕದೆ, ಉಳಿದೆಲ್ಲ ಹಂತಗಳನ್ನೂ ಹಾಗೇ ಮಾಡಿ ಅಳೆಯುವ ಖಾಲಿ ಪರೀಕ್ಷೆ. ಬೇಸರದ ಕೆಲಸ. ಆದರೆ ಅದನ್ನು ಮಾಡದೆ ಕೊಟ್ಟ ವರದಿಗೆ ಬೆಲೆಯಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಒಂದು ಪತ್ತೇದಾರಿಕೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಹೊಳೆಗಳಿಗೆ ಕೋಹೋ ಜಾತಿಯ ಸಾಲ್ಮನ್ ಮೀನುಗಳು ಸಮುದ್ರದಿಂದ ಮೊಟ್ಟೆಯಿಡಲು ಬರುತ್ತವೆ. ಕೆಟ್ಟುಹೋಗಿದ್ದ ಹೊಳೆಗಳನ್ನು ಜನ ಶ್ರಮಪಟ್ಟು ಸರಿಮಾಡಿದ್ದರು. ಮೀನು ವಾಪಸ್ ಬಂದವು. ಆದರೆ ಮಳೆ ಸುರಿದ ಮೇಲೆ ಮೊಟ್ಟೆಯಿಡುವ ಮುಂಚೆಯೇ, ಕೆಲವೇ ಗಂಟೆಗಳಲ್ಲಿ ಒದ್ದಾಡಿ ಸಾಯುತ್ತಿದ್ದವು. ಅದೇ ನೀರಿನಲ್ಲಿ ಚಮ್ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ಗೆ ಏನೂ ಆಗುತ್ತಿರಲಿಲ್ಲ.

ಸಂಶೋಧಕರು ಕೀಟನಾಶಕಗಳನ್ನು ಅಳೆದರು, ಲೋಹಗಳನ್ನು ಅಳೆದರು. ಯಾವುದೂ ಹೊಂದಲಿಲ್ಲ. ರಸ್ತೆಯಿಂದ ಹರಿದ ನೀರನ್ನೇ ಹಿಡಿದು ಮೀನು ಬಿಟ್ಟರೆ ಸಾಯುತ್ತಿತ್ತು. ಅದೇ ನೀರನ್ನು ಮರಳು, ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ಹಾಯಿಸಿದರೆ ಬದುಕುತ್ತಿತ್ತು. ಆಮೇಲೆ ಟೈರ್ ಸವೆದ ಪುಡಿಯನ್ನು ನೆನೆಸಿದ ನೀರಿನಲ್ಲೂ ಮೀನು ಸತ್ತಿತು. ಅದರಲ್ಲಿ ಎಷ್ಟೋ ರಾಸಾಯನಿಕಗಳು. ಆ ಮಿಶ್ರಣವನ್ನು ಭಾಗ ಮಾಡುವುದು, ಪ್ರತಿ ಭಾಗದಲ್ಲೂ ಮೀನು ಬಿಟ್ಟು ನೋಡುವುದು, ಕೊಲ್ಲುವ ಭಾಗವನ್ನು ಮತ್ತೆ ಭಾಗ ಮಾಡುವುದು. ಹೀಗೆ ಸೋಸಿ ಸೋಸಿ ಕೊನೆಗೆ ಒಂದೇ ವಸ್ತು ಉಳಿಯಿತು. ಅಣುಗಳನ್ನು ತೂಗಿ ಗುರುತಿಸುವ ದ್ರವ್ಯರಾಶಿ ರೋಹಿತಮಾಪಕ ಅದರ ಸೂತ್ರ ಹೇಳಿತು: 18 ಇಂಗಾಲ, 22 ಹೈಡ್ರೋಜನ್, 2 ನೈಟ್ರೋಜನ್, 2 ಆಮ್ಲಜನಕ. ಆದರೆ ಟೈರಿಗೆ ಹಾಕುವ ರಾಸಾಯನಿಕಗಳ ಯಾವ ಪಟ್ಟಿಯಲ್ಲೂ ಅಂಥ ವಸ್ತು ಇರಲಿಲ್ಲ.

ಪಟ್ಟಿಯಲ್ಲಿ 6ಪಿಪಿಡಿ ಎಂಬುದೊಂದಿತ್ತು. 18 ಇಂಗಾಲ, 24 ಹೈಡ್ರೋಜನ್, 2 ನೈಟ್ರೋಜನ್. ಎರಡು ಹೈಡ್ರೋಜನ್ ಕಳೆದು ಎರಡು ಆಮ್ಲಜನಕ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ! 6ಪಿಪಿಡಿಯನ್ನು ಟೈರಿಗೆ ಹಾಕುವುದೇ ಓಝೋನ್‌ನಿಂದ ರಬ್ಬರ್ ಬಿರುಕು ಬಿಡದಿರಲಿ ಎಂದು. ಲಾಸ್ ಏಂಜಲೀಸ್‌ನಲ್ಲಿ ಹಾಗನ್-ಸ್ಮಿತ್ ಓಝೋನ್ ಅಳೆಯಲು ಬಳಸಿದ ಉಪಾಯಗಳಲ್ಲೊಂದು ರಬ್ಬರ್ ಪಟ್ಟಿಯಲ್ಲಿ ಬಿರುಕು ಬೀಳುವುದನ್ನು ನೋಡುವುದು. ಆ ಬಿರುಕನ್ನು ತಡೆಯಲು 6ಪಿಪಿಡಿ ತಾನೇ ಮುಂದೆ ಹೋಗಿ ಓಝೋನ್ ಜೊತೆ ಕ್ರಿಯೆ ನಡೆಸುತ್ತದೆ. ರಬ್ಬರ್ ಉಳಿಯುತ್ತದೆ. 6ಪಿಪಿಡಿ ಎರಡು ಆಮ್ಲಜನಕ ಸೇರಿದ ಕ್ವಿನೋನ್ ಎಂಬ ರೂಪಕ್ಕೆ ಬದಲಾಗುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಓಝೋನ್ ಹಾಯಿಸಿ ನೋಡಿದಾಗ ಅದೇ ಕೊಲ್ಲುವ ವಸ್ತು ಸಿಕ್ಕಿತು. ವರದಿ ಪ್ರಕಟವಾದದ್ದು 2020ರ ಡಿಸೆಂಬರ್‌ನಲ್ಲಿ. ಮುಂದಿನ ಅಳತೆಗಳ ಪ್ರಕಾರ ಲೀಟರಿಗೆ 0.1 ಮೈಕ್ರೋಗ್ರಾಂನಷ್ಟು ಇದ್ದರೂ ಅರ್ಧದಷ್ಟು ಕೋಹೋ ಮೀನುಗಳು ಸಾಯುತ್ತವೆ.

ಕಾರ್ಖಾನೆಯಲ್ಲಿ 6ಪಿಪಿಡಿಯನ್ನು ಎಷ್ಟೇ ಪರೀಕ್ಷಿಸಿದ್ದರೂ ಇದು ತಿಳಿಯುತ್ತಿರಲಿಲ್ಲ. ಗಾಳಿಯ ಓಝೋನ್ ಅದನ್ನು ಬದಲಿಸಬೇಕು, ರಸ್ತೆ ಅದನ್ನು ಸವೆಸಬೇಕು, ಮಳೆ ಅದನ್ನು ಹೊಳೆಗೆ ಒಯ್ಯಬೇಕು. ಮಧ್ಯದಲ್ಲಿ ಮಣ್ಣಿದ್ದರೆ ಮಾತ್ರ ಅದು ತಡೆಯಬಹುದು. ರಾಸಾಯನಿಕಗಳಿಗೆ ಅನುಮತಿ ಕೊಡುವಾಗ ನಾವು ಮೂಲ ವಸ್ತುವಿನ ವಿಷತ್ವವನ್ನೇ ಹೆಚ್ಚಾಗಿ ನೋಡುತ್ತೇವೆ. ಗಾಳಿ, ಬಿಸಿಲು, ಬ್ಯಾಕ್ಟೀರಿಯಾ ಅದನ್ನು ಏನು ಮಾಡುತ್ತವೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಬಹಳ ಇದ್ದೀರಿ. ಈ ಕ್ಷೇತ್ರಕ್ಕೆ ಬರಬೇಕು ಅನ್ನಿಸಿದರೆ ಸಮತೋಲನ ಮತ್ತು ಕ್ರಿಯಾವೇಗ, ಈ ಎರಡನ್ನು ಗಟ್ಟಿಮಾಡಿಕೊಳ್ಳಿ. ಒಂದು ವಸ್ತು ನೀರಿನಲ್ಲಿ ಇರುತ್ತದೋ, ಕೊಬ್ಬಿಗೆ ಹೋಗುತ್ತದೋ, ಗಾಳಿಗೆ ಹಾರುತ್ತದೋ, ಮಣ್ಣಿಗೆ ಅಂಟುತ್ತದೋ ಎಂಬುದನ್ನು ಸಮತೋಲನ ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ಎಂಬುದನ್ನು ಕ್ರಿಯಾವೇಗ ಹೇಳುತ್ತದೆ. ಸ್ವಲ್ಪ ಸೂಕ್ಷ್ಮಜೀವಿಶಾಸ್ತ್ರವೂ ಬೇಕು. ಯಂತ್ರ ನಡೆಸುವುದನ್ನು ಆಮೇಲೆ ಕಲಿಯಬಹುದು.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಹೀಗಿತ್ತು: “ಸರ್, ಎಷ್ಟೋ ವಸ್ತುಗಳ ಬಗ್ಗೆ ‘ಇಷ್ಟು ದಿನದಲ್ಲಿ ಕೊಳೆತುಹೋಗುತ್ತದೆ’ ಅಂತ ಬರೆದಿರುತ್ತಾರಲ್ಲ, ಅದನ್ನು ನಂಬಬಹುದಾ?”

ಒಳ್ಳೆಯ ಪ್ರಶ್ನೆಯಮ್ಮ. ಕೊಳೆತು ಏನಾಯಿತು ಎಂದು ಮುಂದಿನ ಪ್ರಶ್ನೆ ಕೇಳಿ. ‘ಅರ್ಧಾಯುಷ್ಯ’ ಎಂದು ಬರೆದಾಗ ಸಾಮಾನ್ಯವಾಗಿ ಹೇಳುವುದು ಮೂಲ ವಸ್ತು ಎಷ್ಟು ಬೇಗ ಕಡಿಮೆಯಾಯಿತು ಎಂದು ಮಾತ್ರ. ಡಿಡಿಟಿ ಎಂಬ ಕೀಟನಾಶಕ ಒಡೆದು ಡಿಡಿಇ ಎಂಬ ವಸ್ತುವಾಗುತ್ತದೆ. ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಲು ಮುಖ್ಯ ಕಾರಣ ಆ ಡಿಡಿಇ. ಅದು ಡಿಡಿಟಿಗಿಂತಲೂ ಹಠಮಾರಿ.

ಟ್ರೈಕ್ಲೋರೋಈಥಿಲೀನ್ ಇನ್ನೂ ಒಳ್ಳೆಯ ಉದಾಹರಣೆ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ದ್ರಾವಕ ಅದು. ನೀರಿಗಿಂತ ಭಾರ, ಹಾಗಾಗಿ ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ತಳಕ್ಕೆ ಇಳಿದುಹೋಗುತ್ತದೆ. ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಅದರ ಕ್ಲೋರಿನ್‌ಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತವೆ. ಮೂರರಿಂದ ಎರಡು, ಎರಡರಿಂದ ಒಂದು. ಒಂದೇ ಕ್ಲೋರಿನ್ ಉಳಿದದ್ದು ವಿನೈಲ್ ಕ್ಲೋರೈಡ್, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತು. ಬಹಳ ಜಾಗಗಳಲ್ಲಿ ಕ್ರಿಯೆ ಈ ಹಂತಗಳಲ್ಲೇ ನಿಂತುಬಿಡುತ್ತದೆ. ಆಗ ವರದಿಯಲ್ಲಿ ಟ್ರೈಕ್ಲೋರೋಈಥಿಲೀನ್ ಇಳಿದಿರುತ್ತದೆ, ಬಾವಿ ಮೊದಲಿಗಿಂತ ಅಪಾಯಕಾರಿ ಆಗಿರಬಹುದು.

ಆದರೆ ಡಿಹ್ಯಾಲೊಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಇದೆ. 1997ರಲ್ಲಿ ಅದನ್ನು ಬೇರ್ಪಡಿಸಿ ವಿವರಿಸಿದರು. ಅದರ ಕೆಲವು ತಳಿಗಳು ಕೊನೆಯ ಕ್ಲೋರಿನನ್ನೂ ಕಿತ್ತು ಎಥಿಲೀನ್ ಮಾಡುತ್ತವೆ. ಅದರಿಂದ ಅಂಥ ತೊಂದರೆಯಿಲ್ಲ. ಈಗ ಅನೇಕ ಕಡೆ ಇದನ್ನು ಬೆಳೆಸಿ, ತಿನ್ನಲು ಬೇಕಾದ್ದನ್ನು ಜೊತೆಗೆ ಕೊಟ್ಟು ನೆಲದೊಳಗೆ ಬಿಡುತ್ತಾರೆ. ಹಾಗಾಗಿ ಅಂಥ ಜಾಗದ ವರದಿ ನಿಮ್ಮ ಕೈಗೆ ಬಂದರೆ ಮೂಲ ವಸ್ತು ಎಷ್ಟು ಇಳಿದಿದೆ ಎಂಬ ಸಾಲನ್ನು ಮಾತ್ರ ನೋಡಬೇಡಿ. ವಿನೈಲ್ ಕ್ಲೋರೈಡ್ ಎಷ್ಟಿದೆ ನೋಡಿ. ಎಥಿಲೀನ್ ಅಳೆದಿದ್ದಾರಾ ನೋಡಿ. ಅಳೆದಿಲ್ಲದಿದ್ದರೆ, ಅಳೆದು ಕೊಡಿ ಎಂದು ಕೇಳಿ.